ಬಣ್ಣ ಬೇಡದ ಸೈಕಲ್

ಉಕ್ಕಿನ ಸೈಕಲ್ ಫ್ರೇಮನ್ನು ತುಕ್ಕು ಕೊಲ್ಲುವುದು ಹೆಚ್ಚಾಗಿ ಒಳಗಿನಿಂದ. ಹೊರಮೈಗೆ ಬಣ್ಣದ ಕಾವಲಿದೆ, ಕೊಳವೆಯ ಒಳಮೈಗೆ ಬಹಳ ಸಲ ಏನೂ ಇರುವುದಿಲ್ಲ. ಸೀಟಿನ ಕಂಬದ ಸಂದಿನಿಂದ ಇಳಿದ ಮಳೆನೀರು ಪೆಡಲಿನ ಅಚ್ಚು ಕೂರುವ ಬಾಟಮ್ ಬ್ರಾಕೆಟ್ಟಿನಲ್ಲಿ ಬಂದು ನಿಲ್ಲುತ್ತದೆ, ಅಲ್ಲಿಂದಲೇ ಲೋಹವನ್ನು ತಿನ್ನತೊಡಗುತ್ತದೆ. ಕರಾವಳಿಯ ಮಳೆಗಾಲಗಳನ್ನು ಕಂಡ ಸೈಕಲ್ ರಿಪೇರಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹಾಗಾದರೆ ದಿನವೂ ನೀರಲ್ಲಿ ಮುಳುಗೇಳುವ ಸ್ಟೀಲ್ ಪಾತ್ರೆಯ ಲೋಹದಿಂದಲೇ ಫ್ರೇಮು ಮಾಡಬಾರದೇಕೆ?

ಮಾಡಬಹುದು. ಆದರೆ ಅದು ಒಳ್ಳೆಯ ಫ್ರೇಮಾಗುವುದಿಲ್ಲ.

1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆಯ ಸವೆತಕ್ಕೆ ಪರಿಹಾರ ಹುಡುಕುತ್ತಿದ್ದಾಗ, ಕ್ರೋಮಿಯಂ ಬೆರೆತ ಉಕ್ಕು ತುಕ್ಕಿಗೆ ಜಗ್ಗದಿರುವುದನ್ನು ಗಮನಿಸಿದರು. ಕ್ರೋಮಿಯಂ ಸುಮಾರು ಶೇ 10.5ನ್ನು ದಾಟಿದರೆ ಉಕ್ಕಿನ ಮೇಲೆ ಕ್ರೋಮಿಯಂ ಆಕ್ಸೈಡಿನ ಪೊರೆಯೊಂದು ತಾನಾಗಿ ಕಟ್ಟಿಕೊಳ್ಳುತ್ತದೆ. ದಪ್ಪ ಕೆಲವೇ ನ್ಯಾನೋಮೀಟರ್. ಗೀರು ಬಿದ್ದರೆ ಗಾಳಿಯ ಆಮ್ಲಜನಕ ಸೇರಿ ಮತ್ತೆ ಬೆಳೆಯುತ್ತದೆ. ಬಣ್ಣಕ್ಕೆ ಈ ಶಕ್ತಿ ಎಲ್ಲಿಯದು?

ತೊಡಕಿರುವುದು ಬಲದಲ್ಲಿ. ಪಾತ್ರೆ, ಸಿಂಕುಗಳಿಗೆ ಬಳಸುವ 304 ದರ್ಜೆಯ ಸ್ಟೀಲು ಮೆದು ಸ್ಥಿತಿಯಲ್ಲಿ ಸುಮಾರು 215 ಮೆಗಾಪ್ಯಾಸ್ಕಲ್ ಒತ್ತಡಕ್ಕೇ ಶಾಶ್ವತವಾಗಿ ಬಾಗತೊಡಗುತ್ತದೆ. ಸೈಕಲ್ಲಿಗೆ ಬಳಸುವ ಸಾಧಾರಣ ಕ್ರೋಮೊಲಿ ಉಕ್ಕು ಅದರ ಎರಡರಷ್ಟು ತಾಳುತ್ತದೆ. ತಣ್ಣಗಿರುವಾಗಲೇ ಎಳೆದು 304ನ್ನು ಗಟ್ಟಿ ಮಾಡಬಹುದು ನಿಜ. ಆದರೆ ಬೆಸುಗೆಯ ಬಿಸಿ ತಗುಲಿದ ಕಡೆ ಮತ್ತೆ ಮೆತ್ತಗಾಗುತ್ತದೆ, ಫ್ರೇಮಿನಲ್ಲಿ ಹೆಚ್ಚು ಒತ್ತಡ ಬೀಳುವುದೂ ಆ ಬೆಸುಗೆಗಳ ಬಳಿಯೇ. ಇಂಗಾಲ ಸೇರಿಸಿ ಗಟ್ಟಿ ಮಾಡೋಣವೆಂದರೆ, ಇಂಗಾಲ ಕ್ರೋಮಿಯಂ ಜೊತೆ ಕೂಡಿ ಕಾರ್ಬೈಡ್ ಆಗುತ್ತದೆ. ಪೊರೆ ಕಟ್ಟಬೇಕಾದ ಕ್ರೋಮಿಯಂ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಬಲ ಬೇಕೆಂದರೆ ತುಕ್ಕು, ತುಕ್ಕು ಬೇಡವೆಂದರೆ ಮೆದುತನ.

ಈ ಕಗ್ಗಂಟನ್ನು ಬಿಡಿಸಿದ ದಾರಿ ನನಗೆ ಲೋಹವಿಜ್ಞಾನದ ಅತಿ ಸುಂದರ ಉಪಾಯಗಳಲ್ಲೊಂದು ಎನಿಸುತ್ತದೆ. ಇಂಗಾಲವನ್ನು ಬಹುತೇಕ ಹೊರಗಿಟ್ಟು ನಿಕಲ್, ಟೈಟಾನಿಯಂಗಳನ್ನು ಬೆರೆಸುತ್ತಾರೆ. ಬಳಿಕ ಸುಮಾರು 500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಗಂಟೆ ಹದವಾಗಿ ಕಾಯಿಸುತ್ತಾರೆ. ಆಗ ಉಕ್ಕಿನೊಳಗೆ ಈ ಲೋಹಗಳ ಅತಿ ಸೂಕ್ಷ್ಮ ಕಣಗಳು ಹುಟ್ಟಿ, ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರದಂತೆ ಅಡ್ಡ ನಿಲ್ಲುತ್ತವೆ. ಮರೇಜಿಂಗ್ ಎನ್ನುವ ವಿಧಾನ ಇದೇ. ಇಸ್ರೋದ ಪಿಎಸ್‌ಎಲ್‌ವಿ ರಾಕೆಟ್ಟಿನ ಮೊದಲ ಹಂತದ ಕವಚವೂ ಮರೇಜಿಂಗ್ ಉಕ್ಕಿನದೇ, ಆದರೆ ಅದು ಸ್ಟೇನ್‌ಲೆಸ್ ಅಲ್ಲ. ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಕಂಪನಿ ಈ ಶತಮಾನದ ಮೊದಲ ದಶಕದಲ್ಲಿ ತಂದ 953 ಎಂಬ ಕೊಳವೆಯಲ್ಲಿ ಎರಡೂ ಗುಣಗಳು ಕೂಡಿದವು. ಅದನ್ನು ಎಳೆದು ಹರಿಯಲು ಸುಮಾರು 1750ರಿಂದ 2050 ಮೆಗಾಪ್ಯಾಸ್ಕಲ್ ಬೇಕು. ಇಟಲಿಯ ಕೊಲಂಬಸ್ ಕೂಡ ಎಕ್ಸ್‌ಸಿಆರ್ ಎಂಬ ತನ್ನದೇ ಸ್ಟೇನ್‌ಲೆಸ್ ಕೊಳವೆಯನ್ನು ತಂದಿತು.

ಇಷ್ಟು ಬಲವಿದ್ದರೆ ಕೊಳವೆಯ ಗೋಡೆಯನ್ನು ತೆಳುವಾಗಿಸಿ ತೂಕ ಇಳಿಸಬಹುದಲ್ಲವೇ? ಇಲ್ಲಿ ಎಚ್ಚರ ಬೇಕು. ಮಿಶ್ರಲೋಹ ಬದಲಾದರೆ ಬಲ ಬದಲಾಗುತ್ತದೆ, ಬಿಗಿತ ಅಷ್ಟಾಗಿ ಬದಲಾಗುವುದಿಲ್ಲ. ಅಗ್ಗದ ಉಕ್ಕಾಗಲಿ ದುಬಾರಿ ಸ್ಟೇನ್‌ಲೆಸ್ಸಾಗಲಿ, ಬಿಗಿತದ ಅಂಕ 200 ಗಿಗಾಪ್ಯಾಸ್ಕಲ್ಲಿನ ಆಸುಪಾಸಿನಲ್ಲೇ ಇರುತ್ತದೆ. ಗೋಡೆಯನ್ನಷ್ಟೇ ತೆಳುವಾಗಿಸಿದರೆ ಪೆಡಲ್ ಒತ್ತಿದಾಗಲೆಲ್ಲ ಫ್ರೇಮು ತೊನೆಯುತ್ತದೆ. ಅದಕ್ಕೇ ಕೊಳವೆಯನ್ನು ಅಗಲಿಸುತ್ತಾರೆ. ತೆಳು ಕೊಳವೆಯ ಬಾಗದ ಗುಣ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ, ಗೋಡೆಯ ದಪ್ಪಕ್ಕೆ ನೇರ ಅನುಪಾತದಲ್ಲಿ. 28.6 ಮಿಲಿಮೀಟರಿನ ಕೊಳವೆಯನ್ನು 31.8ಕ್ಕೆ ಹಿಗ್ಗಿಸಿದರೆ, ಅದೇ ಬಿಗಿತ ಉಳಿಸಿಕೊಂಡು ಗೋಡೆಯನ್ನು ಕಾಲುಭಾಗಕ್ಕಿಂತ ತುಸು ಹೆಚ್ಚೇ ತೆಳುವಾಗಿಸಬಹುದು, ತೂಕ ಐದರಲ್ಲೊಂದು ಪಾಲು ಇಳಿಯುತ್ತದೆ. ಇಷ್ಟು ತೆಳುವಾದ ಗೋಡೆ ಮುರಿಯದಿರಲು ಬಲವಾದ ಉಕ್ಕು ಬೇಕು. 953ರ ಗೋಡೆ 0.3 ಮಿಲಿಮೀಟರಿನವರೆಗೂ ಇಳಿಯುತ್ತದೆ. ಅದಕ್ಕಿಂತ ಕೆಳಗೆ ಹೋಗುವುದು ಜಾಣತನವಲ್ಲ: ಸೈಕಲ್ ಕಲ್ಲಿನ ಮೇಲೆ ಬಿದ್ದರೆ ತಗ್ಗು ಬೀಳುವುದನ್ನು ಯಾವ ಮಿಶ್ರಲೋಹವೂ ಪೂರ್ತಿ ತಡೆಯಲಾರದು.

ಅಷ್ಟು ಗಟ್ಟಿಯಾದ ಕೊಳವೆಯನ್ನು ಕತ್ತರಿಸುವುದೇ ಗರಗಸಕ್ಕೆ ಪರೀಕ್ಷೆ. ಬೆಸೆಯುವಾಗ ಕೊಳವೆಯೊಳಗೂ ಆರ್ಗಾನ್ ಅನಿಲ ತುಂಬುತ್ತಾರೆ, ಇಲ್ಲದಿದ್ದರೆ ಕಾದ ಒಳಮೈ ಕರಕಲಾಗಿ ತುಕ್ಕು ತಡೆಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಹಿತ್ತಾಳೆಯ ಬೆಸುಗೆಯನ್ನು ಸ್ಟೇನ್‌ಲೆಸ್ಸಿಗೆ ಹಾಕಲು ಅನೇಕರು ಹಿಂಜರಿಯುತ್ತಾರೆ, ಕಡಿಮೆ ಬಿಸಿಯಲ್ಲಿ ಕರಗುವ ಬೆಳ್ಳಿಯ ಬೆಸುಗೆಯನ್ನೇ ನೆಚ್ಚುತ್ತಾರೆ. ಫ್ರೇಮು ದುಬಾರಿಯಾಗುವುದು ಲೋಹದ ಬೆಲೆಗಿಂತ ಈ ನಿಧಾನದ ಕೈಗೆಲಸಕ್ಕೆ. ಬರೀ ಹಗುರತನ ಬೇಕಾದವರಿಗೆ ಕಾರ್ಬನ್ ಫೈಬರ್ ಇದ್ದೇ ಇದೆ. ಸ್ಟೇನ್‌ಲೆಸ್ಸಿಗೆ ಹಣ ಹಾಕಬೇಕಾದವರು ಒಂದೇ ಸೈಕಲ್ಲನ್ನು ಮಳೆ ಬಿಸಿಲೆನ್ನದೆ ದಶಕಗಟ್ಟಲೆ ತುಳಿಯುವವರು.

ಅವರಿಗೂ ಎರಡು ಕೆಲಸ ತಪ್ಪುವುದಿಲ್ಲ. ಬೆವರು ಮತ್ತು ಕಡಲಗಾಳಿಯ ಉಪ್ಪಿನಲ್ಲಿರುವ ಕ್ಲೋರೈಡ್ ಆ ಪೊರೆಯನ್ನು ಅಲ್ಲಲ್ಲಿ ತೂರಿ ಸಣ್ಣ ಕುಳಿ ಕೊರೆಯಬಲ್ಲದು, ಆದ್ದರಿಂದ ಆಗಾಗ ಸಿಹಿನೀರಿನಲ್ಲಿ ತೊಳೆದು ಒರೆಸಬೇಕು. ಸೀಟಿನ ಕಂಬ ಆಲ್ಯುಮಿನಿಯಂನದಾದರೆ ಅದನ್ನು ಕೂರಿಸುವ ಮುನ್ನ ಗ್ರೀಸ್ ಹಚ್ಚಬೇಕು. ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ನಿಂತರೆ ಅಲ್ಲೊಂದು ವಿದ್ಯುತ್ಕೋಶವೇ ಏರ್ಪಡುತ್ತದೆ. ಸ್ಟೇನ್‌ಲೆಸ್ಸಿಗೆ ಏನೂ ಆಗದಿದ್ದರೂ ಆಲ್ಯುಮಿನಿಯಂ ಕರಗಿ ಉಬ್ಬಿ, ಕಂಬ ಫ್ರೇಮಿನೊಳಗೇ ಕಚ್ಚಿಕೊಳ್ಳುತ್ತದೆ.