ಡಾಂಬರು ಗುಳಿಗೆ

ಕಂಪ್ಲಿ, ಹೊಸಪೇಟೆಗಳ ಕಡೆಯ ಮನೆಗಳಲ್ಲಿ ಸೀರೆ, ಕೌದಿ, ಕೂಸಿನ ಕುಂಚಿಗೆಗಳನ್ನು ಪೆಟ್ಟಿಗೆಯಲ್ಲಿ ಮಡಚಿಡುವಾಗ ನುಸಿ ಹತ್ತದಿರಲೆಂದು ಹಾಕುವ ಬಿಳಿಯ ಉಂಡೆಗೆ ಡಾಂಬರು ಗುಳಿಗೆಯೆಂಬ ಹೆಸರುಂಟು. ಕರ್ಪೂರದಂತಹ ವಸ್ತುವಿಗೆ ಕರಿಯ ಡಾಂಬರಿನ ಹೆಸರೇಕೆಂದು ಸಂದೇಹವುಂಟಾಗಬಹುದು. ಹೆಸರು ಯಥಾರ್ಥವಾದುದೇ. ಕಬ್ಬಿಣದ ಅದುರನ್ನು ಕರಗಿಸಲು ಬೇಕಾದ ಕೋಕನ್ನು ಪಡೆಯುವುದಕ್ಕಾಗಿ ಕಲ್ಲಿದ್ದಲನ್ನು ಗಾಳಿ ಸೋಕದ ಒಲೆಗಳಲ್ಲಿ ಕಾಯಿಸುವರು. ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿಯೂ ಕೋಕ್ ಒಲೆಗಳಿವೆ. ಹೀಗೆ ಕಾಯಿಸಿದಾಗ ಅನಿಲದೊಡನೆ ಡಾಂಬರು ಹೊರಬೀಳುವುದು. ಅದರ ತೂಕದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ನ್ಯಾಫ್ತಲೀನ್.

ಇದಕ್ಕೆ 1821ರಲ್ಲಿ ಈ ಹೆಸರನ್ನಿಟ್ಟವನು ಜಾನ್ ಕಿಡ್. ಹತ್ತು ಇಂಗಾಲದ ಪರಮಾಣುಗಳೂ ಎಂಟು ಜಲಜನಕದ ಪರಮಾಣುಗಳೂ ಜೋಡಿ ಉಂಗುರಗಳಾಗಿ ಸೇರಿ ಇದರ ಅಣುವಾಗಿದೆ. ಕರಗಲು 80 ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕಾದರೂ, ಕರಗದೆಯೇ ಆವಿಯಾಗಿ ಸವೆಯುವುದು ಇದರ ಸ್ವಭಾವ. ಜರ್ಮನಿಯಲ್ಲಿ 1897ರಿಂದ ಮಾರಾಟಕ್ಕೆ ಬಂದ ಕೃತಕ ನೀಲಿಯ ಮೂಲದ್ರವ್ಯ ಇದೇ. ನಮ್ಮ ದೇಶದ ನೀಲಿಯ ಬೇಸಾಯವನ್ನು ಕೆಡಿಸಿದುದರಲ್ಲಿ ಡಾಂಬರಿನ ಪಾತ್ರ ಸಣ್ಣದಲ್ಲ. ಈಗ ಬಣ್ಣ, ರಾಳ, ಕಾಂಕ್ರೀಟಿಗೆ ಬೆರೆಸುವ ದ್ರಾವಣ ಮುಂತಾದುವುಗಳಿಗೆ ಇದನ್ನು ಬಳಸುವರು.

ಅಪಾಯದ ವಿಚಾರದಲ್ಲಿ ಕಾರ್ಖಾನೆಗಿಂತ ಪೆಟ್ಟಿಗೆಯೇ ಹೆಚ್ಚು ವಿಚಾರಾರ್ಹ. ಜಿ-6-ಪಿಡಿ ಎಂಬ ಕಿಣ್ವವು ನೆತ್ತರಿನ ಕೆಂಪು ಕಣಗಳನ್ನು ಕಾಪಾಡುವುದು. ಮಲೇರಿಯಾ ಹಬ್ಬಿದ್ದ ನಾಡುಗಳಲ್ಲಿ ಈ ಕಿಣ್ವದ ಕೊರತೆ ವಂಶಪಾರಂಪರ್ಯವಾಗಿ ಅಧಿಕ. ಗಂಡುಮಕ್ಕಳಲ್ಲಿ ಮತ್ತೂ ಅಧಿಕ. ಅಂತಹ ಕೂಸಿನ ದೇಹವನ್ನು ನ್ಯಾಫ್ತಲೀನ್ ಸೇರಿದರೆ, ಅದು ಅಲ್ಲಿ ಮಾರ್ಪಟ್ಟು ಹುಟ್ಟುವ ವಸ್ತುಗಳು ಕೆಂಪು ಕಣಗಳನ್ನು ಒಡೆಯುವುವು. ಒಂದೆರಡು ದಿನಗಳಲ್ಲಿ ಮೈ ಬಿಳಿಚಿ, ಕಣ್ಣು ಹಳದಿಯಾಗಿ, ಮೂತ್ರ ಕಪ್ಪಾಗುವುದು. ನವಜಾತ ಶಿಶುವಿನಲ್ಲಿ ಈ ಕಾಮಾಲೆ ಮಿದುಳನ್ನೂ ಕೆಡಿಸಬಲ್ಲುದು. ಅಣ್ಣನ ಕುಂಚಿಗೆ, ಕೌದಿಗಳನ್ನು ಪೆಟ್ಟಿಗೆಯಿಂದ ತೆಗೆದು ತಮ್ಮನಿಗೆ ಹೊದಿಸುವುದು ವಾಡಿಕೆ; ಉಸಿರಿನಿಂದಲೂ ಚರ್ಮದಿಂದಲೂ ವಿಷ ಒಳಸೇರುವುದು. ಎಣ್ಣೆ ಸವರಿದ ಮೈ ಅದನ್ನು ಇನ್ನೂ ಬೇಗನೆ ಹೀರುವುದು. ಆದುದರಿಂದ ಕೂಸಿನ ಬಟ್ಟೆಯಿರುವ ಪೆಟ್ಟಿಗೆಗೆ ಈ ಗುಳಿಗೆಯನ್ನು ಹಾಕಲೇಬಾರದು.

ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆಯು 2002ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದ ವಸ್ತುಗಳ ವರ್ಗಕ್ಕೆ ಸೇರಿಸಿತು. ಐರೋಪ್ಯ ಒಕ್ಕೂಟದಲ್ಲಿ 2008ರಿಂದ ನ್ಯಾಫ್ತಲೀನ್ ಗುಳಿಗೆಗಳ ಮಾರಾಟವಿಲ್ಲ. ನಮ್ಮಲ್ಲಿ ಉಂಟು. ಮಗುವು ಗುಳಿಗೆಯನ್ನು ಮಿಠಾಯಿಯೆಂದು ನುಂಗಿದರೆ, ವಿಷ ಮುರಿಯಲೆಂದು ಹಾಲು ಕುಡಿಸಕೂಡದು. ಜಿಡ್ಡಿನಲ್ಲಿ ಕರಗುವ ವಸ್ತುವಾದುದರಿಂದ ಹಾಲಿನೊಡನೆ ಅದು ಮತ್ತಷ್ಟು ನೆತ್ತರಿಗೆ ಸೇರುವುದು. ಕೂಡಲೇ ವೈದ್ಯರಲ್ಲಿಗೆ ಒಯ್ಯಬೇಕು. ಉಳಿದ ಗುಳಿಗೆಯನ್ನೂ ಅದರ ಪೊಟ್ಟಣವನ್ನೂ ಜೊತೆಯಲ್ಲಿ ಕೊಂಡುಹೋಗತಕ್ಕದ್ದು.