ಬಿರಿದ ಮೃದಂಗದ ಒಡಲು

ಹಲಸಿನ ಒಂದೇ ತುಂಡನ್ನು ಕೊರೆದು ನಿರ್ಮಿಸಿದ ಮೃದಂಗದ ಒಡಲು, ಹತ್ತಾರು ವರ್ಷ ಬಾರಿನ ಬಿಗಿತವನ್ನು ತಾಳಿಕೊಂಡು ಬಂದು, ಯಾವುದೋ ಬೇಸಗೆಯ ಒಣಹವೆಗೆ ಎಳೆಯುದ್ದಕ್ಕೂ ಬಿರಿಯಿತೆಂದರೆ, ಅದನ್ನು ಮೂಲೆಗೆಸೆಯುವುದು ಅವಿವೇಕವೆಂದೇ ನನ್ನ ಅಭಿಪ್ರಾಯ. ಹದಗೊಂಡ ಹಳೆಯ ಮರ ಸುಲಭವಾಗಿ ದೊರೆಯತಕ್ಕದ್ದಲ್ಲ. ಮೊದಲು ಬಾರನ್ನು ಸಡಿಲಿಸಿ ಎರಡು ಮುಚ್ಚಿಗೆಗಳನ್ನೂ ಕಳಚಬೇಕು. ಕೂದಲೆಳೆಯಂತಹ ಬಿರುಕಿಗೆ ಅದೇ ಜಾತಿಯ ಮರದ ನುಣ್ಣನೆಯ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿದರೆ ಸಾಕು. ಅಗಲವಾದುದಾದರೆ, ಎಳೆಯ ದಿಕ್ಕನ್ನೇ ಅನುಸರಿಸಿ ಕೆತ್ತಿದ ಹಲಸಿನ ತೆಳುಸೀಳನ್ನು ಅಂಟಿನೊಡನೆ ಕೂಡಿಸಿ, ಹಗ್ಗದಿಂದ ಸುತ್ತಿ ಬಿಗಿದು, ಪೂರ್ತಿ ಒಣಗುವವರೆಗೆ ಕಾಯತಕ್ಕದ್ದು. ಕಬ್ಬಿಣದ ಮೊಳೆಯನ್ನು ಮಾತ್ರ ಹೊಡೆಯಲಾಗದು. ಅದು ಬಿರುಕನ್ನು ಮತ್ತಷ್ಟು ಸೀಳುತ್ತದೆ. ಕಡೆಗೆ, ಮುಚ್ಚಿಗೆ ಕುಳಿತುಕೊಳ್ಳುವ ಬಾಯಂಚು ಎಳ್ಳಷ್ಟೂ ಏರುತಗ್ಗಿಲ್ಲದೆ ಸಮವಾಗಿರಬೇಕು. ಅಲ್ಲಿ ಕೊರತೆಯುಳಿದರೆ ಶ್ರುತಿ ಸುತ್ತಲೂ ಒಂದೇ ಸಮನೆ ನಿಲ್ಲದು.