ಬಳಸಿದ ಹೆಡ್‌ಫೋನ್: ಹಾಡು ಕೇಳಿ ಬೆಲೆ ಕಟ್ಟಬಹುದೇ?

ನಾಯ್ಸ್ ಕ್ಯಾನ್ಸಲಿಂಗ್ ಎಂದು ಹೆಸರಾದ, ಹೊರಗಿನ ಸದ್ದನ್ನು ಅಡಗಿಸುವ ನಿಸ್ತಂತು ಹೆಡ್‌ಫೋನ್‌ಗಳು ಈಗ ಕೈಯಿಂದ ಕೈಗೆ ಮಾರಾಟವಾಗುತ್ತಿವೆ. ಹೊಸದಕ್ಕೆ ಇಪ್ಪತ್ತು ಸಾವಿರ ರೂಪಾಯಿ ತೆರಬೇಕಾದದ್ದು ಅರ್ಧ ಬೆಲೆಗೆ ಸಿಗುವುದಾದರೆ ಯಾರಿಗೆ ಆಸೆಯಾಗದು? ಮಾರುವವರು ಒಂದು ಒಳ್ಳೆಯ ಹಾಡು ಹಾಕಿ 'ಕೇಳಿ ನೋಡಿ' ಎನ್ನುತ್ತಾರೆ. ಹಾಡು ಚೆನ್ನಾಗಿಯೇ ಕೇಳಿಸುತ್ತದೆ. ವ್ಯಾಪಾರ ಮುಗಿಯುತ್ತದೆ.

ಈ ಪರೀಕ್ಷೆಯಲ್ಲಿ ಒಂದು ಕೊರತೆಯಿದೆ. ಹಾಡಿನಿಂದ ಪರೀಕ್ಷೆಗೊಳಗಾಗುವುದು ಮುಖ್ಯವಾಗಿ ಒಳಗಿನ ಪುಟ್ಟ ಸ್ಪೀಕರ್. ಅದು ಹಲವು ವರ್ಷ ಬಾಳುವ ಭಾಗ. ಬೇಗ ಸವೆಯುವ ಭಾಗಗಳೇ ಬೇರೆ: ಬ್ಯಾಟರಿ, ಕಿವಿಯನ್ನು ಸುತ್ತುವರಿಯುವ ಮೆತ್ತೆ ಮತ್ತು ಹೊರಗಿನ ಸದ್ದನ್ನು ಹಿಡಿಯುವ ಮೈಕ್‌ಗಳು. ನೀವು ಹಣ ಕೊಡುವುದು ಇವುಗಳಲ್ಲಿ ಉಳಿದಿರುವ ಆಯುಷ್ಯಕ್ಕೆ. ಅದನ್ನು ಅಳೆಯಲು ಪ್ರೌಢಶಾಲೆಯ ಭೌತವಿಜ್ಞಾನವೇ ಸಾಕು.

ಸದ್ದಿಗೆ ಸದ್ದೇ ಮದ್ದು

ಶಬ್ದ ಗಾಳಿಯಲ್ಲಿ ಸಾಗುವುದು ಸಂಪೀಡನ ಮತ್ತು ವಿರಳನಗಳ ಸಾಲಾಗಿ ಎಂಬುದು ನಿಮಗೆ ಗೊತ್ತು. ಒಂದು ತರಂಗದ ಸಂಪೀಡನ ಬರುವ ಜಾಗಕ್ಕೆ ಸರಿಯಾಗಿ ಅಷ್ಟೇ ಪಾರವಿರುವ ಇನ್ನೊಂದು ತರಂಗದ ವಿರಳನ ಬಂದರೆ ಎರಡೂ ಒಂದನ್ನೊಂದು ಅಳಿಸುತ್ತವೆ. ಇದೇ ವಿನಾಶಕ ವ್ಯತಿಕರಣ. ಜರ್ಮನಿಯ ಪಾಲ್ ಲ್ಯೂಗ್ ಈ ತತ್ತ್ವದಿಂದ ಸದ್ದನ್ನು ಅಡಗಿಸುವ ವಿಧಾನಕ್ಕೆ 1936ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. 1978ರಲ್ಲಿ ವಿಮಾನ ಪ್ರಯಾಣದಲ್ಲಿದ್ದ ಅಮರ್ ಬೋಸ್ ಅವರಿಗೆ ಇದನ್ನು ಹೆಡ್‌ಫೋನ್‌ಗೆ ಅಳವಡಿಸುವ ವಿಚಾರ ಹೊಳೆಯಿತು. 1989ರಲ್ಲಿ ಅವರ ಕಂಪನಿ ವಿಮಾನ ಚಾಲಕರಿಗಾಗಿ ಇಂಥ ಹೆಡ್‌ಸೆಟ್ ಅನ್ನು ಮಾರುಕಟ್ಟೆಗೆ ತಂದಿತು.

ಹೆಡ್‌ಫೋನಿನ ಮೈಕ್ ಹೊರಗಿನ ಸದ್ದನ್ನು ಗ್ರಹಿಸುತ್ತದೆ, ಮಂಡಲ ಅದರ ವಿರುದ್ಧ ತರಂಗವನ್ನು ರಚಿಸುತ್ತದೆ, ಸ್ಪೀಕರ್ ಅದನ್ನು ಹೊರಡಿಸುತ್ತದೆ. ಇಲ್ಲಿ ಕಾಲವೇ ಎಲ್ಲ. ವಿರುದ್ಧ ತರಂಗ 0.05 ಮಿಲಿಸೆಕೆಂಡು ತಡವಾಯಿತು ಎಂದಿಟ್ಟುಕೊಳ್ಳಿ. 100 ಹರ್ಟ್ಸ್ ಸದ್ದಿನ ಆವರ್ತಕಾಲ 10 ಮಿಲಿಸೆಕೆಂಡು. ಆದ್ದರಿಂದ ಪ್ರಾವಸ್ಥೆಯ ತಪ್ಪು ಬರೀ 1.8 ಡಿಗ್ರಿ, ಉಳಿಯುವ ಸದ್ದಿನ ಪಾರ ಮೂಲದ ಶೇ. 3ರಷ್ಟು. 1000 ಹರ್ಟ್ಸ್‌ನಲ್ಲಿ ಅದೇ ವಿಳಂಬ 18 ಡಿಗ್ರಿ ಆಗುತ್ತದೆ, ಶೇ. 31ರಷ್ಟು ಉಳಿಯುತ್ತದೆ. ಸುಮಾರು 3333 ಹರ್ಟ್ಸ್‌ಗೆ ತಪ್ಪು 60 ಡಿಗ್ರಿ ಮುಟ್ಟುತ್ತದೆ, ಲಾಭ ಸೊನ್ನೆ! ಅದಕ್ಕೂ ಮೇಲೆ ಸದ್ದು ಹೆಚ್ಚೇ ಆಗುತ್ತದೆ. ಆದ್ದರಿಂದ ಈ ವಿದ್ಯೆಯನ್ನು ತಗ್ಗಿನ ಆವೃತ್ತಿಗಳಿಗೆ ಮಾತ್ರ ಬಳಸಿ, ಮೇಲಿನವನ್ನು ತಡೆಯುವ ಕೆಲಸವನ್ನು ಕಿವಿಮೆತ್ತೆಗೆ ಬಿಡುತ್ತಾರೆ.

ಬಸ್ಸಿನ ಎಂಜಿನ್ನಿನ ಮೊರೆತ, ಫ್ಯಾನಿನ ಗುಂಯ್‌ಗುಡುವಿಕೆ ಚೆನ್ನಾಗಿ ಅಡಗುವುದು ಇದರಿಂದಲೇ. ಮಾತಿನ ವ್ಯಂಜನಗಳ ಸದ್ದು ಬಹುಮಟ್ಟಿಗೆ ಮೇಲಿನ ಆವೃತ್ತಿಗಳಲ್ಲಿರುವುದರಿಂದ ಪಕ್ಕದವರ ಮಾತು ಪೂರ್ತಿ ಅಡಗುವುದಿಲ್ಲ. ಇದು ಹೆಡ್‌ಫೋನಿನ ದೋಷವಲ್ಲ. ಇದಕ್ಕಾಗಿ ಬೆಲೆ ಇಳಿಸಬೇಕಾಗಿಲ್ಲ.

ಮೆತ್ತೆ ಮತ್ತು ಮೈಕ್

ಮೆತ್ತೆಯ ಹೊದಿಕೆ ಹೆಚ್ಚಾಗಿ ಪಾಲಿಯುರೆಥೇನ್ ಲೇಪನದ ಕೃತಕ ಚರ್ಮ. ಬೆವರು, ಸೆಕೆ, ತೇವ ಸೇರಿದಾಗ ಅದು ಜಲವಿಭಜನೆಗೆ ಒಳಗಾಗಿ ಸಿಪ್ಪೆಯಂತೆ ಉದುರುತ್ತದೆ. ಕರಾವಳಿಯ ಹವೆಯಲ್ಲಿ ಇದು ಇನ್ನೂ ಬೇಗ. ಒಳಗಿನ ಸ್ಪಂಜು ಕುಗ್ಗಿದರೆ ಮೆತ್ತೆ ಮತ್ತು ತಲೆಯ ನಡುವೆ ಸಂದು ಬೀಳುತ್ತದೆ. ಆ ಸಂದಿನಿಂದ ಹೊರಗಿನ ಸದ್ದು ನುಗ್ಗುತ್ತದೆ, ಹಾಡಿನ ತಗ್ಗು ಸ್ವರಗಳು ಸೋರುತ್ತವೆ. ಪರೀಕ್ಷೆ ಸುಲಭ: ಹೆಡ್‌ಫೋನ್ ತೊಟ್ಟು, ಎರಡೂ ಮೆತ್ತೆಗಳನ್ನು ಅಂಗೈಯಿಂದ ಮೆಲ್ಲನೆ ಒತ್ತಿ. ಹೊರಗಿನ ಸದ್ದು ಎದ್ದು ಕಾಣುವಂತೆ ಇಳಿದರೆ ಮೆತ್ತೆ ಬದಲಾಗಬೇಕು ಎಂದರ್ಥ. ಕನ್ನಡಕ ಹಾಕುವವರು ಹಾಕಿಕೊಂಡೇ ನೋಡಬೇಕು. ಅದರ ಕಡ್ಡಿಯೂ ಸಂದು ಮಾಡುತ್ತದೆ. ಮೆತ್ತೆ ಬದಲಿಸಬಹುದಾದ ಭಾಗವಾದ್ದರಿಂದ ಇದು ದೊಡ್ಡ ದೋಷವಲ್ಲ. ಅದರ ಬೆಲೆಯನ್ನು ಕಳೆದರೆ ಸಾಕು.

ಮೈಕ್ ಪರೀಕ್ಷೆಗೆ ನಿಶ್ಶಬ್ದ ಕೋಣೆ ಉಪಯೋಗವಿಲ್ಲ. ಓಡುತ್ತಿರುವ ಫ್ಯಾನಿನ ಹತ್ತಿರ, ಗಾಳಿ ನೇರವಾಗಿ ಬಡಿಯದಂತೆ ನಿಲ್ಲಿ. ಹಾಡು ಹಾಕಬೇಡಿ. ಸದ್ದಡಗಿಸುವ ಗುಂಡಿಯನ್ನು ಒಮ್ಮೆ ಹಾಕಿ, ಒಮ್ಮೆ ಆರಿಸಿ. ಎರಡೂ ಕಿವಿಗಳಲ್ಲಿ ಮೊರೆತ ಸಮನಾಗಿ ಇಳಿಯಬೇಕು. ಒಂದೇ ಕಡೆ ಇಳಿದರೆ, ನಡೆಯುವಾಗ ಚಟಪಟ ಸದ್ದು ಬಂದರೆ, ಅಥವಾ ಮೆತ್ತೆ ಒತ್ತಿದಾಗ ಸಿಳ್ಳೆ ಕೇಳಿದರೆ, ಮೈಕ್ ಅಥವಾ ಮಂಡಲದಲ್ಲಿ ದೋಷವಿರಬಹುದು. ಇದನ್ನು ಮನೆಯಲ್ಲಿ ಸರಿಪಡಿಸಲಾಗದು. ಅಂಥದನ್ನು ಕೊಳ್ಳದಿರುವುದೇ ಲೇಸು.

ಬ್ಯಾಟರಿಯ ವಯಸ್ಸು

ಲಿಥಿಯಂ-ಅಯಾನು ಬ್ಯಾಟರಿ ಎರಡು ಬಗೆಯಲ್ಲಿ ಮುದಿಯಾಗುತ್ತದೆ. ಒಂದು, ಪೂರ್ತಿ ತುಂಬಿ ಬರಿದಾಗುವ ಪ್ರತಿ ಆವರ್ತದಿಂದ. ಸಾಮಾನ್ಯವಾಗಿ ಕೆಲವು ನೂರು ಆವರ್ತಗಳ ನಂತರ ಧಾರಣಶಕ್ತಿ ಮೊದಲಿನ ಶೇ. 80ರ ಸುಮಾರಿಗೆ ಇಳಿಯುತ್ತದೆ. ಇನ್ನೊಂದು, ಬಳಸದಿದ್ದರೂ ಕಾಲ ಕಳೆದಂತೆ. ಸೆಕೆಯಲ್ಲಿ ಪೂರ್ತಿ ತುಂಬಿಸಿಟ್ಟರೆ ಇದು ಚುರುಕಾಗುತ್ತದೆ.

2020ರಲ್ಲಿ ಬಂದ ಸೋನಿ ಡಬ್ಲ್ಯುಎಚ್-1000ಎಕ್ಸ್‌ಎಂ4 ಮಾದರಿಯನ್ನು ನೋಡಿ. ಸದ್ದಡಗಿಸುತ್ತ 30 ಗಂಟೆ ನಡೆಯುತ್ತದೆಂದು ತಯಾರಕರ ಹೇಳಿಕೆ. ದಿನಕ್ಕೆ 3 ಗಂಟೆ ಬಳಸಿದರೆ 10 ದಿನಕ್ಕೆ ಒಂದು ಆವರ್ತ. 5 ವರ್ಷಕ್ಕೆ ಸುಮಾರು 180. ಕಿವಿಯೊಳಗೆ ಸಿಕ್ಕಿಸುವ ಪುಟ್ಟ ಇಯರ್‌ಬಡ್ 6 ಗಂಟೆ ನಡೆಯುವುದಾದರೆ ಅದೇ ಬಳಕೆಗೆ 5 ವರ್ಷದಲ್ಲಿ 900 ಆವರ್ತ ದಾಟುತ್ತವೆ! ಬಳಸಿದ್ದನ್ನು ಕೊಳ್ಳುವುದಾದರೆ ಕಿವಿಯನ್ನು ಮುಚ್ಚುವ ದೊಡ್ಡ ಹೆಡ್‌ಫೋನೇ ಮೇಲು ಎನ್ನಲು ಇದೇ ಕಾರಣ.

'ಶೇ. 100' ಎಂಬ ಸೂಚನೆಯನ್ನು ಕಂಡು ಮೋಸಹೋಗಬೇಡಿ. ಅದು ಈಗಿನ ಧಾರಣಶಕ್ತಿ ತುಂಬಿದೆ ಎನ್ನುತ್ತದೆಯೇ ಹೊರತು ಆ ಶಕ್ತಿ ಮೊದಲಿನ ಎಷ್ಟು ಪಾಲು ಎಂದು ಹೇಳುವುದಿಲ್ಲ. ಪೂರ್ತಿ ತುಂಬಿಸಿ, ಸದ್ದಡಗಿಸುವಿಕೆ ಹಾಕಿ, ನಡು ಪ್ರಮಾಣದ ಧ್ವನಿಯಲ್ಲಿ 6 ಗಂಟೆ ನಡೆಸಿ. 30 ಗಂಟೆಯ ಹೆಡ್‌ಫೋನ್ ಹೊಸದರಂತಿದ್ದರೆ ಸುಮಾರು ಶೇ. 20 ಇಳಿಯಬೇಕು, ಶೇ. 40 ಇಳಿದರೆ ಉಳಿದಿರುವುದು ಅರ್ಧ ಬ್ಯಾಟರಿ. ಸೂಚನೆ ಅಂದಾಜಿನದಾದ್ದರಿಂದ ಅರ್ಧ ಗಂಟೆಯ ಪರೀಕ್ಷೆ ಸಾಲದು. ಮಾರುವವರ ಮುಂದೆ ಕುಳಿತು ಇದನ್ನು ಮಾಡಲಾಗದು. ಒಂದೆರಡು ದಿನದೊಳಗೆ ಹಿಂದಿರುಗಿಸುವ ಒಪ್ಪಂದವನ್ನು ಮೊದಲೇ ಮಾಡಿಕೊಳ್ಳಿ. ತಲೆಯಿಂದ ತೆಗೆದರೆ ತಾನಾಗಿ ನಿಲ್ಲುವ ಸೌಲಭ್ಯವಿದ್ದರೆ ಪರೀಕ್ಷೆಯ ವೇಳೆ ಅದನ್ನು ಆರಿಸಿಡಿ.

ಬೆಲೆ ಕಟ್ಟುವ ಲೆಕ್ಕ

ಮಾರುವವರು ಅಂದು ಕೊಟ್ಟ ಬೆಲೆ ನಿಮಗೆ ಮುಖ್ಯವಲ್ಲ. ಅದೇ ಮಾದರಿ ಅಥವಾ ಅದಕ್ಕೆ ಸಮನಾದದ್ದು ಇಂದು ಹೊಸದಾಗಿ ಎಷ್ಟಕ್ಕೆ ಸಿಗುತ್ತದೆ ಎಂಬುದರಿಂದ ಆರಂಭಿಸಿ. ಅದು ರೂ. 20,000, ಬಾಳಿಕೆ 6 ವರ್ಷ ಎಂದು ಊಹಿಸೋಣ. ವರ್ಷಕ್ಕೆ ಬೀಳುವ ಖರ್ಚು ರೂ. 3,333. ನಿಮ್ಮೆದುರಿನದು 4 ವರ್ಷ ಹಳೆಯದು, ಕೇಳುವ ಬೆಲೆ ರೂ. 10,000, ಹೊಸ ಮೆತ್ತೆಗೆ ರೂ. 1,000 ಬೇಕು ಎಂದುಕೊಳ್ಳಿ. ಉಳಿದ 2 ವರ್ಷಕ್ಕೆ ರೂ. 11,000, ಅಂದರೆ ವರ್ಷಕ್ಕೆ ರೂ. 5,500. 'ಅರ್ಧ ಬೆಲೆ'ಯ ಮಾಲು ಹೊಸದಕ್ಕಿಂತ ದುಬಾರಿ!

ಇದನ್ನೇ ಇನ್ನೊಂದು ಬಗೆಯಿಂದ ನೋಡಿ. ರೂ. 2,500ಕ್ಕೆ ಬ್ಯಾಟರಿ ಬದಲಿಸಬಹುದು, ಮೈಕ್‌ಗಳೂ ತಲೆಪಟ್ಟಿಯ ಕೀಲುಗಳೂ ಗಟ್ಟಿಯಾಗಿವೆ, ಹಾಗಾಗಿ ಒಟ್ಟು 5 ವರ್ಷ ದುಡಿಯಬಲ್ಲದು ಎನ್ನೋಣ. ಆಗ ರೂ. 13,500 ಐದು ವರ್ಷಕ್ಕೆ ಹಂಚಿಕೆಯಾಗಿ ವರ್ಷಕ್ಕೆ ರೂ. 2,700 ಬೀಳುತ್ತದೆ. ಅದೇ ವಸ್ತು, ಅದೇ ಬೆಲೆ. ಈಗ ಲಾಭದ ವ್ಯಾಪಾರ. ಆದ್ದರಿಂದ ಕೊಳ್ಳುವ ಮೊದಲೇ ರಿಪೇರಿ ಅಂಗಡಿಯಲ್ಲಿ ವಿಚಾರಿಸಿ: ಈ ಮಾದರಿಗೆ ಬ್ಯಾಟರಿ ಸಿಗುತ್ತದೆಯೇ, ಹಾಕಲು ಎಷ್ಟಾಗುತ್ತದೆ? ವಾರಂಟಿ ಇಲ್ಲದ್ದಕ್ಕೂ ಸ್ವಲ್ಪ ಕಳೆಯಿರಿ.

ಹಣ ಕೊಡುವ ಮುನ್ನ ರಸೀದಿಯ ಕ್ರಮಸಂಖ್ಯೆಯನ್ನು ಹೆಡ್‌ಫೋನಿನ ಮೇಲಿನದರೊಂದಿಗೆ ಹೋಲಿಸಿ. ಕಂಪನಿಯ ಆ್ಯಪ್ ಅದನ್ನು ಅದೇ ಮಾದರಿ ಎಂದು ಗುರುತಿಸಬೇಕು. ಹಿಂದಿನವರ ಫೋನಿನ ಜೋಡಣೆಯನ್ನು ಅವರೆದುರಿಗೇ ಅಳಿಸಿ, ನಿಮ್ಮ ಫೋನಿಗೆ ಜೋಡಿಸಿ ನೋಡಿ.

ಹೊರಗಿನ ಮೊರೆತ ಅಡಗಿದರೆ ಹಾಡಿನ ಧ್ವನಿಯನ್ನು ತಗ್ಗಿಸಿಯೇ ಕೇಳಬಹುದು. ವಯಸ್ಕರಿಗೆ ವಾರಕ್ಕೆ 40 ಗಂಟೆ ಕಾಲ 80 ಡೆಸಿಬೆಲ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ. ಮೆತ್ತೆ ಸೋರಿದರೆ, ಮೈಕ್ ಕೆಟ್ಟರೆ ಕೈ ತಾನಾಗಿ ಧ್ವನಿಯನ್ನು ಏರಿಸುತ್ತದೆ. ಹಳೆಯ ಹೆಡ್‌ಫೋನಿನ ದೋಷಕ್ಕೆ ಜೇಬಿನ ಜೊತೆಗೆ ಕಿವಿಯೂ ಬೆಲೆ ತೆರುತ್ತದೆ.